ನೊರೆ ವೈನಿಗೆ ಯಾವ ದ್ರಾಕ್ಷಿ?

ಕಬ್ಬು, ಭತ್ತ ಬಿಟ್ಟು ಬೇರೇನಾದರೂ ಹಾಕೋಣ ಎಂಬ ಮಾತು ನಮ್ಮ ಕೊತ್ತತ್ತಿಯ ನಾಲೆ ಬಯಲಿನಲ್ಲಿ ಆಗಾಗ ಏಳುತ್ತದೆ. ಮೊನ್ನೆ ಪಕ್ಕದ ಜಮೀನಿನವರು ಕೇಳಿದರು: "ನೊರೆ ಉಕ್ಕೋ ವೈನು ಬಾಟ್ಲಿಗೆ ಸಾವಿರ ರೂಪಾಯಂತೆ. ಒಂದೆಕ್ರೆ ಬೆಂಗಳೂರು ಬ್ಲೂ ದ್ರಾಕ್ಷಿ ಹಾಕುದ್ರೆ ಆಗಾಕಿಲ್ವಾ?" ಹಾಕಬಹುದು. ಆದರೆ ನೊರೆ ವೈನಿನವರು ಕೇಳುವ ತಳಿಯೇ ಬೇರೆ.

ನೊರೆ ಬರುವುದು ಹೀಗೆ. ರಸದ ಸಕ್ಕರೆಯನ್ನು ಯೀಸ್ಟ್ ತಿಂದಾಗ ಮದ್ಯಸಾರದ ಜೊತೆ ಅನಿಲವೂ ಹುಟ್ಟುತ್ತದೆ. ಸಾದಾ ವೈನಿನಲ್ಲಿ ಅದು ಹೊರಗೆ ಹೋಗಿಬಿಡುತ್ತದೆ. ನೊರೆ ವೈನಿಗಾದರೆ, ತಯಾರಾದ ವೈನನ್ನು ದಪ್ಪ ಗಾಜಿನ ಬಾಟಲಿಗೆ ತುಂಬಿ, ಲೀಟರಿಗೆ ಸುಮಾರು 24 ಗ್ರಾಂ ಸಕ್ಕರೆ ಮತ್ತು ಯೀಸ್ಟ್ ಸೇರಿಸಿ ಬಿಗಿಯಾಗಿ ಮುಚ್ಚುತ್ತಾರೆ. ಬಾಟಲಿಯೊಳಗೇ ಮತ್ತೊಮ್ಮೆ ಹುಳಿತು, ಅನಿಲ ವೈನಿನಲ್ಲೇ ಕರಗುತ್ತದೆ. ಒಳಗಿನ ಒತ್ತಡ ಕಾರಿನ ಟೈರಿನ ಎರಡು ಪಟ್ಟಿಗೂ ಹೆಚ್ಚು. ತಿಂಗಳುಗಟ್ಟಲೆ ಇಟ್ಟು, ಗಷ್ಟನ್ನು ಬಾಟಲಿಯ ಕತ್ತಿಗಿಳಿಸಿ ಹೊರಹಾಕುತ್ತಾರೆ. ಇದು ಫ್ರಾನ್ಸಿನ ಶಾಂಪೇನ್ ಸೀಮೆಯ ಕ್ರಮ.

ಇದಕ್ಕೆ ಹುಳಿ ಇರುವ, ವಾಸನೆ ಗಾಢವಲ್ಲದ ಹಣ್ಣು ಬೇಕು. ಆದ್ದರಿಂದಲೇ ಸಿಹಿ ಪೂರ್ತಿ ಏರುವ ಮೊದಲೇ ಕೊಯ್ಲು. ನಮ್ಮ ದೇಶದಲ್ಲಿ ಇದಕ್ಕೆ ಹೆಚ್ಚು ಬಳಕೆಯಾಗುವ ತಳಿಗಳಲ್ಲಿ ಶೆನಿನ್ ಬ್ಲಾಂಕ್ ಒಂದು. ಫ್ರಾನ್ಸಿನ ಲ್ವಾರ್ ನದಿ ಸೀಮೆಯ ಈ ಬಿಳಿ ದ್ರಾಕ್ಷಿ ಬಿಸಿಲಿನಲ್ಲೂ ಹುಳಿ ಉಳಿಸಿಕೊಳ್ಳುತ್ತದೆ.

ನಂದಿ ಬೆಟ್ಟದ ತಪ್ಪಲಿನಲ್ಲಿ 1988ರಲ್ಲಿ ಕನ್ವಲ್ ಗ್ರೋವರ್ ವೈನ್ ದ್ರಾಕ್ಷಿ ತೋಟ ಶುರುಮಾಡಿದರು. ಅವರಿಗೆ ನೆರವಾದ ಜಾರ್ಜ್ ವೆಸೆಲ್ ಶಾಂಪೇನ್ ಸೀಮೆಯವರೇ. ಸುತ್ತಮುತ್ತ ಬೆಂಗಳೂರು ಬ್ಲೂ ಬೇಕಾದಷ್ಟಿದ್ದರೂ ಅವರು ಫ್ರೆಂಚ್ ತಳಿಗಳನ್ನೇ ನೆಟ್ಟರು. ಆ ಕಂಪನಿ 2012ರಲ್ಲಿ ನಾಸಿಕದ ಕಂಪನಿಯೊಂದಿಗೆ ಸೇರಿತು. ಅದರ ಬಿಳಿ ನೊರೆ ವೈನು ಶೆನಿನ್ ಬ್ಲಾಂಕಿನದು.

ಹಾಗಂತ ಬೆಂಗಳೂರು ಬ್ಲೂ ಕೀಳಲ್ಲ. 2013ರಲ್ಲಿ ಅದಕ್ಕೆ ಭೌಗೋಳಿಕ ಗುರುತು ಸಿಕ್ಕಿದೆ. ಅದು ಅಮೆರಿಕ ಮೂಲದ ಲಬ್ರುಸ್ಕ ಜಾತಿಯದು. ದಪ್ಪ ಸಿಪ್ಪೆ, ಗಡಸು ಬಳ್ಳಿ, ಗಾಢ ವಾಸನೆ. ಆ ವಾಸನೆ ಜ್ಯೂಸಿಗೆ, ಸಿಹಿ ಪೋರ್ಟ್ ವೈನಿಗೆ ಒಳ್ಳೇದು. ನವಿರಾದ ನೊರೆ ವೈನಿನಲ್ಲಿ ಮಿಕ್ಕಿದ್ದನ್ನೆಲ್ಲ ಮುಚ್ಚಿಬಿಡುತ್ತದೆ.

ಸಣ್ಣ ರೈತ ಯೋಚಿಸಬೇಕಾದ್ದು ಇಲ್ಲೇ. ಬೆಂಗಳೂರು ಬ್ಲೂ ಒಬ್ಬರು ಬೇಡವೆಂದರೆ ಜ್ಯೂಸಿಗೋ ಸಂತೆಗೋ ಹೋಗುತ್ತದೆ. ಶೆನಿನ್ ಬ್ಲಾಂಕ್ ಸಣ್ಣ ಕಾಳಿನ, ಬೀಜವಿರುವ ಹಣ್ಣು, ತಿನ್ನಲು ಕೊಳ್ಳುವವರಿಲ್ಲ. ಲೈಸೆನ್ಸ್ ಇಲ್ಲದೆ ವೈನು ಮಾಡಿ ಮಾರುವಂತೆಯೂ ಇಲ್ಲ. ಕಾರ್ಖಾನೆ ನಿಂತರೆ ಕಬ್ಬು ಆಲೆಮನೆಗಾದರೂ ಹೋದೀತು. ಶೆನಿನ್ ಬ್ಲಾಂಕಿಗೆ ಆಲೆಮನೆ ಇಲ್ಲ.

ಆದ್ದರಿಂದ ಕಲ್ಲುಕಂಬ, ತಂತಿಗೆ ದುಡ್ಡು ಸುರಿಯುವ ಮೊದಲು ಕೊಳ್ಳುವವರಿಂದ ಬರಹದಲ್ಲಿ ಒಪ್ಪಂದ ಮಾಡಿಕೊಳ್ಳಿ. ಎಷ್ಟು ವರ್ಷಕ್ಕೆ, ಸಿಹಿ ಎಷ್ಟಿದ್ದರೆ ಏನು ದರ, ಸಾಗಣೆ ಖರ್ಚು ಯಾರದು, ಮಳೆಗೆ ಹಣ್ಣು ಕೆಟ್ಟರೆ ಏನು ಗತಿ, ಎಲ್ಲವೂ ಅದರಲ್ಲಿರಲಿ. ನೀರು ನಿಲ್ಲುವ ಗದ್ದೆಯಂತೂ ಬೇಡ. ದ್ರಾಕ್ಷಿ ಬೇರಿಗೆ ಬಸಿಯುವ ಮಣ್ಣೇ ಆಗಬೇಕು. ಮಳೆಗಾಲದ ಬೂಜುರೋಗಕ್ಕೆ ಫ್ರೆಂಚ್ ತಳಿಗಳು ಬೇಗ ತುತ್ತಾಗುತ್ತವೆ; ಔಷಧಿ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ.

ಪಕ್ಕದ ಜಮೀನಿನವರಿಗೂ ಇಷ್ಟೇ ಹೇಳಿದೆ: ಬಾಟಲಿಯ ರೇಟು ನೋಡಿ ಬಳ್ಳಿ ನೆಡಬೇಡಿ, ಹಣ್ಣು ಕೊಳ್ಳುವವರನ್ನು ನೋಡಿ ನೆಡಿ.