ತಡವಾಗಿ ತಲುಪಿದ ಬಿಡುಗಡೆ

ಪ್ರತಿ ವರ್ಷ ಜೂನ್ 19ರಂದು ಅಮೆರಿಕದ ಅನೇಕ ಊರುಗಳ ಉದ್ಯಾನಗಳಲ್ಲಿ ಆಫ್ರಿಕನ್ ಮೂಲದ ಕಪ್ಪು ಜನರು ಮಕ್ಕಳು ಮರಿಗಳೊಂದಿಗೆ ಸೇರುತ್ತಾರೆ. ಹಾಡು, ನೃತ್ಯ, ನಾಟಕ, ಕೈಯಲ್ಲಿ ಹೊಲಿದ ಕೌದಿಗಳ ಪ್ರದರ್ಶನ. ತಿನ್ನಲು ಕಲ್ಲಂಗಡಿ, ಕುಡಿಯಲು ಕೆಂಪು ಶರಬತ್ತು. ಆ ಕೆಂಪು, ಹಿರಿಯರು ಚೆಲ್ಲಿದ ರಕ್ತದ ನೆನಪು ಎನ್ನುವವರಿದ್ದಾರೆ. ಹಬ್ಬದ ಹೆಸರು ಜೂನ್‌ಟೀನ್ತ್.

ದಂಗೆಯೆದ್ದ ದಕ್ಷಿಣದ ರಾಜ್ಯಗಳ ಗುಲಾಮರು ಸ್ವತಂತ್ರರೆಂದು ಅಧ್ಯಕ್ಷ ಲಿಂಕನ್ 1863ರ ಜನವರಿ 1ರಂದೇ ಘೋಷಿಸಿದ್ದರು. ಟೆಕ್ಸಾಸ್‌ನ ಒಡೆಯರು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಸೇನೆ ಗ್ಯಾಲ್ವೆಸ್ಟನ್‌ಗೆ ಬಂದು ಆಜ್ಞೆ ಹೊರಡಿಸಿದ್ದು 1865ರ ಜೂನ್ 19ರಂದು. ಆ ಎರಡೂವರೆ ವರ್ಷಗಳಲ್ಲಿ ಎಷ್ಟು ತಾಯಂದಿರ ಮಡಿಲು ಬರಿದಾಯಿತೋ ಅಲ್ಲಾಹನೇ ಬಲ್ಲ! ಬಿಡುಗಡೆಯಾದ ಮೇಲೂ ಹಬ್ಬ ಮಾಡಲು ಜಾಗ ಸಿಗುತ್ತಿರಲಿಲ್ಲ. ಹ್ಯೂಸ್ಟನ್‌ನಲ್ಲಿ ಅವರು 1872ರಲ್ಲಿ ತಾವೇ ಹಣ ಕೂಡಿಸಿ ಹತ್ತು ಎಕರೆ ಕೊಂಡರು. ಸರಕಾರ ಇದನ್ನು ರಾಷ್ಟ್ರೀಯ ರಜಾದಿನ ಮಾಡಿದ್ದು 2021ರಲ್ಲಿ.

ಅಮೆರಿಕಕ್ಕೆ ಸಾಗಿಸಲ್ಪಟ್ಟ ಗುಲಾಮರಲ್ಲಿ ಮುಸ್ಲಿಮರೂ ಇದ್ದರೆಂಬುದು ನಮ್ಮಲ್ಲಿ ಹೆಚ್ಚಿನವರಿಗೆ ತಿಳಿದಿಲ್ಲ. ಈಗಿನ ಸೆನೆಗಲ್ ಕಡೆಯ ವಿದ್ವಾಂಸ ಉಮರ್ ಬಿನ್ ಸಈದ್‌ರನ್ನು 1807ರಲ್ಲಿ ಚಾರ್ಲ್ಸ್‌ಟನ್‌ಗೆ ತಂದು ಮಾರಲಾಯಿತು. ಮುಂದೆ ಅವರು ಚರ್ಚ್ ಸೇರಿದರೆಂಬ ದಾಖಲೆಯಿದೆ. ಆದರೆ 1831ರಲ್ಲಿ ಅರಬಿಯಲ್ಲಿ ಆತ್ಮಕಥೆ ಬರೆಯಲು ಕುಳಿತಾಗ ಅವರ ಲೇಖನಿಯಿಂದ ಮೊದಲು ಮೂಡಿದ್ದು, ಸಕಲ ಒಡೆತನ ಅಲ್ಲಾಹನದೆಂದು ಸಾರುವ ಸೂರಃ ಅಲ್ ಮುಲ್ಕ್! ಗುಲಾಮರಾಗಿಯೇ ಅವರು ತೀರಿಕೊಂಡರು. ಅವರ ಜೀವನವನ್ನು ಕುರಿತು ಕಪ್ಪು ಕಲಾವಿದೆ ರಿಯಾನನ್ ಗಿಡೆನ್ಸ್, ಮೈಕೆಲ್ ಏಬಲ್ಸ್ ಜೊತೆ ಸೇರಿ ರಚಿಸಿದ ಗೀತನಾಟಕ 2022ರಲ್ಲಿ ಮೊದಲ ಬಾರಿಗೆ ರಂಗವೇರಿತು, ಅದೇ ಚಾರ್ಲ್ಸ್‌ಟನ್‌ನಲ್ಲಿ.