90 ಸೆಕೆಂಡಿನ ಪಕ್ಷಿಪಾಠ

ಹಕ್ಕಿಗಳ ಪಾಠ ಎಂದರೆ ನಾವು ಮೊದಲು ಹುಡುಕುವುದು ಚಿತ್ರಪಟವನ್ನು. ಆದರೆ ತರಗತಿಯ ಹೊರಗೆ ಹಕ್ಕಿಯ ಇರುವು ಮಗುವಿಗೆ ಎಷ್ಟೋ ಬಾರಿ ಮೊದಲು ತಿಳಿಯುವುದು ಕಿವಿಯಿಂದ. ಕೋಗಿಲೆ ಎಲೆಗಳ ನಡುವೆ ಅಡಗಿದ್ದರೂ ಅದರ ಕೂಗು ಊರಿಗೆಲ್ಲ ಕೇಳಿಸುತ್ತದೆ. ಆದ್ದರಿಂದ ಪಕ್ಷಿಪರಿಚಯಕ್ಕೆ ರೇಡಿಯೊ ಸಹಜವಾದ ಬೋಧನೋಪಕರಣ.

ಬಿಬಿಸಿ ರೇಡಿಯೊ 4 ಇದನ್ನು ಮನಗಂಡು 2013ರ ಮೇ ತಿಂಗಳಲ್ಲಿ ‘ಟ್ವೀಟ್ ಆಫ್ ದ ಡೇ’ ಎಂಬ ಕಾರ್ಯಕ್ರಮವನ್ನು ಆರಂಭಿಸಿತು. ಬೆಳಗಿನ ಆರು ಗಂಟೆಗೆ ಸ್ವಲ್ಪ ಮೊದಲು, ಸುಮಾರು 90 ಸೆಕೆಂಡು, ದಿನಕ್ಕೊಂದೇ ಹಕ್ಕಿ. ಅಮೆರಿಕದ ‘ಬರ್ಡ್‌ನೋಟ್’ 2005ರಿಂದ ಎರಡು ನಿಮಿಷದೊಳಗೆ ಇದೇ ಕೆಲಸ ಮಾಡುತ್ತಿದೆ. ನಮ್ಮ ದೇಶದಲ್ಲಿ ಡಾ. ಸಲೀಂ ಅಲಿ 1940ರ ದಶಕದಿಂದಲೇ ರೇಡಿಯೊದಲ್ಲಿ ಹಕ್ಕಿಗಳ ಬಗ್ಗೆ ಮಾತನಾಡಿದ್ದರು. ರಂಗನತಿಟ್ಟು ಪಕ್ಷಿಧಾಮವಾಗಲು ಪ್ರೇರಣೆ ನೀಡಿದವರೂ ಅವರೇ.

ಇಂಥ ಕಿರು ಕಾರ್ಯಕ್ರಮವನ್ನು ಪ್ರಶಿಕ್ಷಣಾರ್ಥಿಗಳೇ ಮೊಬೈಲಿನಲ್ಲಿ ಧ್ವನಿಮುದ್ರಿಸಿ ಸಿದ್ಧಪಡಿಸಬಹುದು. ಅದಕ್ಕೆ ನಾಲ್ಕು ಹಂತಗಳು ಸಾಕು: ಹಕ್ಕಿಯ ಕೂಗು, ಅದರ ಹೆಸರು, ಅದರ ಬದುಕಿನ ಒಂದು ಸಂಗತಿ, ನಾವು ಮಾಡಬಹುದಾದ ಒಂದು ಕೆಲಸ. ಎರಡನೆಯ ಸಂಗತಿಯನ್ನು ಸೇರಿಸುವ ಆಸೆಯನ್ನು ತಡೆಯಬೇಕು. ಅದು ಇನ್ನೊಂದು ದಿನದ ಪಾಠ.

ನನ್ನ ಬೋಧನಾಭ್ಯಾಸದ ಅನುಭವವನ್ನೇ ಹೇಳುತ್ತೇನೆ. ಎಂಟನೆಯ ತರಗತಿಗೆ ಟಿಟ್ಟಿಭದ ಪಾಠ. ಈ ಹಕ್ಕಿ ಗೂಡು ಕಟ್ಟುವುದಿಲ್ಲ. ಬಯಲಿನ ನೆಲದ ಮೇಲೆ ಕಲ್ಲಿನ ಬಣ್ಣದ ಮೊಟ್ಟೆಗಳನ್ನಿಡುತ್ತದೆ. ಸಾಮಾನ್ಯವಾಗಿ ನಾಲ್ಕು. ಯಾರಾದರೂ ಹತ್ತಿರ ಬಂದರೆ ಕಿರುಚುತ್ತಾ ಮೇಲೆ ಹಾರಾಡುತ್ತದೆ. ನಾನು ಚಿತ್ರ ತೋರಿಸಿ, ಹೆಸರು ಹೇಳಿ, ಕೊನೆಗೆ ಧ್ವನಿಮುದ್ರಣ ಕೇಳಿಸಿದೆ. ಮೊಟ್ಟೆಗಳೆಷ್ಟು ಎಂದು ಪ್ರಶ್ನಿಸಿದಾಗ ಎಲ್ಲರೂ ಸರಿಯುತ್ತರ ಕೊಟ್ಟರು. ಅಂದು ಸಂಜೆಯೇ ಶಾಲೆಯ ಹಿಂದಿನ ಬಯಲಿನಲ್ಲಿ ಟಿಟ್ಟಿಭ ಕಿರುಚಿತು. ಅದೇ ತರಗತಿಯ ಹುಡುಗರು ಅತ್ತಲೇ ಓಡಿದರು. ಪಾಠ ಟಿಪ್ಪಣಿ ಪುಸ್ತಕದವರೆಗೆ ತಲುಪಿತ್ತು, ಕಾಲಿನವರೆಗೆ ತಲುಪಿರಲಿಲ್ಲ.

ಇನ್ನೊಂದು ವಿಭಾಗದಲ್ಲಿ ಕ್ರಮವನ್ನು ಬದಲಿಸಿದೆ. ಹೆಸರು ಹೇಳದೆ ಮೊದಲು ಕೂಗನ್ನು ಕೇಳಿಸಿ, “ಇದನ್ನು ಎಲ್ಲಿ ಕೇಳಿದ್ದೀರಿ?” ಎಂದೆ. ಒಬ್ಬ ಹುಡುಗಿ ಎದ್ದು, “ನಮ್ಮ ಹೊಲದಲ್ಲಿ ಮೇಡಂ, ಉಳೋವಾಗ ಅಪ್ಪನ ತಲೆ ಮೇಲೇ ಬರುತ್ತೆ” ಎಂದಳು. ಅದು ಯಾಕೆ ಹಾಗೆ ಬರುತ್ತದೆ ಎಂಬುದೇ ಮುಂದಿನ ಚರ್ಚೆಯಾಯಿತು. ಕಾರ್ಯಕ್ರಮವನ್ನು ಮತ್ತೆ ಕೇಳಿಸಿದಾಗ ಮಕ್ಕಳು ಉತ್ತರವನ್ನು ತಾವೇ ಹೆಕ್ಕಿದರು. ಕೂಗು ಜೋರಾದರೆ ಮೊಟ್ಟೆ ಹತ್ತಿರದಲ್ಲಿರಬಹುದು. ನಿಂತು, ನೆಲ ನೋಡಿ, ಬಂದ ದಾರಿಯಲ್ಲೇ ಹಿಂದೆ ಸರಿಯಬೇಕು. ಉಳುವಾಗ ಅಷ್ಟು ಜಾಗವನ್ನು ಬಿಡಬಹುದೇ ಎಂದು ಅಪ್ಪನನ್ನು ಕೇಳುವುದಾಗಿ ಆ ಹುಡುಗಿ ಹೇಳಿದಳು.

ಆದ್ದರಿಂದ ಪಾಠಯೋಜನೆಯಲ್ಲಿ ಕೇಳುವ ಮೊದಲು, ಕೇಳುವಾಗ, ಕೇಳಿದ ನಂತರ ಎಂಬ ಮೂರೂ ಹಂತಗಳಿಗೆ ಚಟುವಟಿಕೆ ಇರಲಿ. ಮೌಲ್ಯಮಾಪನಕ್ಕೆ ಒಂದು ವಾರದ ‘ಕೇಳಿದ ಹಕ್ಕಿ’ ದಾಖಲೆಯನ್ನು ಬರೆಸಿ: ಎಲ್ಲಿ, ಯಾವಾಗ, ಆಗ ನಾನೇನು ಮಾಡಿದೆ? ಒಂದು ಎಚ್ಚರಿಕೆಯೂ ಅಗತ್ಯ. ಧ್ವನಿಮುದ್ರಣವನ್ನು ತರಗತಿಯೊಳಗೆ ಮಾತ್ರ ಕೇಳಿಸಿ. ಹಕ್ಕಿಗಳಿರುವಲ್ಲಿ ಕೇಳಿಸಿದರೆ, ಎದುರಾಳಿ ಬಂತೆಂದು ಅವು ಮೊಟ್ಟೆ ಮರಿಗಳನ್ನು ಬಿಟ್ಟು ಬರಬಹುದು. ಸಂರಕ್ಷಣೆಯ ಪಾಠವೇ ಹಕ್ಕಿಗೆ ತೊಂದರೆಯಾಗಬಾರದು.