ಪಂಪಿನ ಪಕ್ಕ ಒಂದು ಗೇಟ್‌ವಾಲ್ವ್ ಇರಲಿ

ನಂಜನಗೂಡು, ತಿ. ನರಸೀಪುರ ಕಡೆ ಹೊಳೆದಂಡೆಗೆ ಪಂಪ್ ಇಟ್ಟವರಿಗೆ ಮಳೆಗಾಲ ಬಂದರೆ ಒಂದೇ ಚಿಂತೆ. ಬೀಚನಹಳ್ಳಿ ಡ್ಯಾಮಿನಿಂದ ನೀರು ಬಿಟ್ಟರೆ ಕಪಿಲೆ ಏರುತ್ತಾಳೆ, ಪಂಪನ್ನು ಬೇಗ ದಡ ಹತ್ತಿಸಬೇಕು. 2019ರ ಆಗಸ್ಟ್ ನೆರೆಯಲ್ಲಿ ನಮ್ಮ ಪಕ್ಕದ ಜಮೀನಿನವರು ಪಂಪ್ ಬಿಚ್ಚಲು ಹೋದರು. ಪೈಪಿನ ಜಾಯಿಂಟ್ ಸಡಿಲಿಸಿದ್ದೇ ತಡ, ಮೇಲಿನ ಲೈನಿನ ನೀರೆಲ್ಲ ಮೋಟಾರಿನ ಮೇಲೇ ಸುರಿಯಿತು. ಹೊಳೆ ಮುಟ್ಟುವ ಮೊದಲೇ ವೈಂಡಿಂಗ್ ಒದ್ದೆ! ಅವರ ಲೈನಿನಲ್ಲಿ ಗೇಟ್‌ವಾಲ್ವ್ ಇರಲಿಲ್ಲ, ಎನ್‌ಆರ್‌ವಿಯ ಬಾಗಿಲಿಗೆ ಕಡ್ಡಿ ಸಿಕ್ಕಿಕೊಂಡಿತ್ತು.

90 ಮಿ.ಮೀ. ಪಿವಿಸಿ ಪೈಪು ಮೀಟರಿಗೆ ಸುಮಾರು ಐದೂವರೆ ಲೀಟರ್ ನೀರು ಹಿಡಿಯುತ್ತದೆ. 600 ಮೀಟರ್ ಲೈನಿನಲ್ಲಿ ಮೂರು ಸಾವಿರ ಲೀಟರಿಗೂ ಮೇಲೆ. ಅಷ್ಟೂ ಇಳಿದುಹೋದರೆ ಮತ್ತೆ ಚಾಲೂ ಮಾಡುವಾಗ ಪೈಪಿನಲ್ಲಿ ಗಾಳಿ ತುಂಬಿರುತ್ತದೆ. ನೀರು ಒಮ್ಮೆಲೇ ನುಗ್ಗಿ ಬೆಂಡ್‌ಗೆ ಹೊಡೆದು ಜಾಯಿಂಟ್ ಬಿಡುವುದು ಆಗಲೇ.

ಹಾಗಾಗಿ ಮೊದಲು ಪಂಪು, ಅದರ ಮೇಲೆ ಯೂನಿಯನ್ ಅಥವಾ ಫ್ಲ್ಯಾಂಜ್, ಆಮೇಲೆ ಎನ್‌ಆರ್‌ವಿ, ಅದರಾಚೆ ಗೇಟ್‌ವಾಲ್ವ್. ಈ ಕ್ರಮ ಅದಲು ಬದಲಾಗಬಾರದು. ಗೇಟ್‌ವಾಲ್ವ್ ಆಚೆ ಇದ್ದರೆ ತಾನೇ ಎನ್‌ಆರ್‌ವಿಯನ್ನೂ ಬಿಚ್ಚಿ ತೊಳೆಯಬಹುದು! ನೆರೆಯ ಹೊತ್ತಿನಲ್ಲಿ ಮೊದಲು ಮೇನ್ ಸ್ವಿಚ್ ಆಫ್ ಮಾಡಿ ಫ್ಯೂಸ್ ಕೀಳಿ, ವಾಲ್ವ್ ಮುಚ್ಚಿ, ಆಮೇಲೆ ಯೂನಿಯನ್ ಬಿಚ್ಚಿ. ವಾಲ್ವ್ ಮುಚ್ಚಿದ್ದರೆ ಗೋಡು ಮಣ್ಣೂ ಲೈನಿನೊಳಗೆ ಹೋಗದು.

ಸಕ್ಷನ್ ಕಡೆಗೂ ಒಂದು ಹಾಕೋಣವೇ ಎಂದು ಕೆಲವರು ಕೇಳುತ್ತಾರೆ. ಬಾವಿಯಿಂದಲೋ ಹೊಳೆಯಿಂದಲೋ ಕೆಳಗಿನ ನೀರು ಎಳೆಯುವುದಾದರೆ ಬೇಡ. ಅಲ್ಲಿ ಫುಟ್‌ವಾಲ್ವ್ ಸಾಕು. ವಾಲ್ವಿನ ಗ್ಲ್ಯಾಂಡಿನಿಂದ ಗಾಳಿ ಎಳೆದರೆ ಪಂಪು ನೀರೇ ಎತ್ತುವುದಿಲ್ಲ. ಪಂಪಿಗಿಂತ ಎತ್ತರದ ತೊಟ್ಟಿಯಿಂದ ನೀರು ಬರುವುದಾದರೆ ಮಾತ್ರ ಎರಡೂ ಕಡೆ ಬೇಕು. ಚಳಿದೇಶಗಳಲ್ಲಿ ಮನೆ ಬೆಚ್ಚಗಿಡಲು ಬಿಸಿನೀರು ಸುತ್ತಿಸುವ ಪಂಪಿಗೂ ಹೀಗೇ ಎರಡು ಕಡೆ ವಾಲ್ವ್ ಇರುತ್ತದಂತೆ, ನೀರು ಚೆಲ್ಲದೆ ಪಂಪ್ ಬದಲಿಸಲು. ಸಕ್ಷನ್ ವಾಲ್ವ್ ಪಂಪು ಓಡುವಾಗ ಪೂರ್ತಿ ತೆರೆದೇ ಇರಬೇಕು. ಅದನ್ನು ಅರ್ಧ ಮುಚ್ಚಿ ನೀರು ಕಡಿಮೆ ಮಾಡಲು ಹೋದರೆ ಪಂಪಿನೊಳಗೆ ಜಲ್ಲಿ ಹಾಕಿದ ಹಾಗೆ ಸದ್ದು ಬಂದು ಇಂಪೆಲ್ಲರ್ ತಿಂದುಹೋಗುತ್ತದೆ.

ಕೊಳ್ಳುವಾಗ ಸೈಜಿನ ಗೊಂದಲ ಬರುತ್ತದೆ. ಪಿವಿಸಿ ಪೈಪಿನ ಮಿ.ಮೀ. ಹೊರ ಅಳತೆ, ವಾಲ್ವಿನ ಇಂಚು ಒಳ ಅಳತೆ. 63 ಮಿ.ಮೀ. ಪೈಪಿಗೆ 2 ಇಂಚು, 75ಕ್ಕೆ ಎರಡೂವರೆ, 90ಕ್ಕೆ 3 ಇಂಚು. ಹಿತ್ತಾಳೆ ಅಥವಾ ಗನ್‌ಮೆಟಲ್ ವಾಲ್ವಿನ ಮೇಲೆ ಐಎಸ್ 778 ಗುರುತು ನೋಡಿ. ತೂಕವನ್ನೂ ಕೈಯಲ್ಲಿ ಹಿಡಿದು ನೋಡಿ, ತೀರಾ ಹಗುರಾದದ್ದು ಬೇಡ. 10 ಮೀಟರ್ ಎತ್ತರಕ್ಕೆ ಸುಮಾರು ಒಂದು ಕೆ.ಜಿ. ಒತ್ತಡ ಲೆಕ್ಕ ಹಾಕಿ, ನೀರಿನ ಹೊಡೆತಕ್ಕೆಂದು ಅದರ ದುಪ್ಪಟ್ಟು ತಾಳುವುದನ್ನು ತನ್ನಿ.

ಪಿವಿಸಿ ಬಾಲ್‌ವಾಲ್ವ್ ಅಗ್ಗ. ಡ್ರಿಪ್ ಲೈನಿಗೆ ಸರಿ. ಪಂಪಿನ ಬಳಿ ನನಗೆ ಒಪ್ಪಿಗೆಯಿಲ್ಲ. ಬಿಸಿಲಿಗೆ ಒಣಗಿ ಸಿಡುಕಾಗುತ್ತದೆ. ಹಿಡಿ ತಟಕ್ಕನೆ ತಿರುಗಿಸಿದರೆ ನೀರಿನ ಹೊಡೆತ ಲೈನಿಗೆಲ್ಲ ಬೀಳುತ್ತದೆ. ಬೋರ್ ನೀರಿನ ಸುಣ್ಣ ಕಟ್ಟಿ ಬಾಲ್ ಹಿಡಿದುಕೊಂಡರೆ ಪೈಪು ಸಿಕ್ಕಿಸಿ ತಿರುಗಿಸಬೇಡಿ, ಹಿಡಿಯೇ ಕೈಗೆ ಬರುತ್ತದೆ. ಹಾಕುವುದೇ ಆದರೆ ಎರಡೂ ಕಡೆ ಯೂನಿಯನ್ ಇರುವುದನ್ನು ಹಾಕಿ.

ಗೇಟ್‌ವಾಲ್ವ್ ಇರುವುದು ಪೂರ್ತಿ ತೆರೆಯಲು, ಪೂರ್ತಿ ಮುಚ್ಚಲು. ಅರ್ಧ ಮುಚ್ಚಿಯೇ ವರ್ಷಗಟ್ಟಲೆ ಬಿಟ್ಟರೆ ನೀರಿನ ರಭಸಕ್ಕೆ ಒಳಗಿನ ತಟ್ಟೆ ಸವೆಯುತ್ತದೆ, ಆಮೇಲೆ ಮುಚ್ಚಿದರೂ ನೀರು ನಿಲ್ಲುವುದಿಲ್ಲ. ಪೂರ್ತಿ ತೆರೆದ ಮೇಲೆ ಅರ್ಧ ಸುತ್ತು ಹಿಂದಕ್ಕೆ ತಿರುಗಿಸಿಡಿ, ಜಾಮ್ ಆಗುವುದಿಲ್ಲ. ತಿಂಗಳಿಗೊಮ್ಮೆ ಮೇಲೆ ಕೆಳಗೆ ಆಡಿಸಿ. ನೆರೆ ಕಳೆದ ಮೇಲಂತೂ ತಟ್ಟೆ ಕೂರುವ ಗಾಡಿಯಲ್ಲಿ ಗೋಡು ತುಂಬಿರುತ್ತದೆ. ಪಂಪು ಓಡುವಾಗಲೇ ಮುಕ್ಕಾಲು ಮುಚ್ಚಿ, ತೆರೆದು, ಐದಾರು ಸಲ ಮಾಡಿದರೆ ತೊಳೆದುಹೋಗುತ್ತದೆ. ಸ್ಪಿಂಡಲ್ ಬುಡದಲ್ಲಿ ತೊಟ್ಟಿಕ್ಕಿದರೆ ಗ್ಲ್ಯಾಂಡ್ ನಟ್ಟನ್ನು ಕಾಲು ಸುತ್ತು ಬಿಗಿಮಾಡಿ. ಅದಕ್ಕೂ ನಿಲ್ಲದಿದ್ದರೆ ಹೊಸ ಗ್ರಾಫೈಟ್ ಹಗ್ಗ ಸುತ್ತಬೇಕು.

ಮಾನೋಬ್ಲಾಕ್ ಪಂಪನ್ನು ವಾಲ್ವ್ ಮುಚ್ಚಿ ಚಾಲೂ ಮಾಡಿ ನಿಧಾನ ತೆರೆದರೆ ಮೋಟಾರಿಗೆ ಹೊರೆ ಕಡಿಮೆ. ಆದರೆ ರಾತ್ರಿ ಕರೆಂಟು ನಂಬಿ ಆಟೋಸ್ಟಾರ್ಟರ್ ಹಾಕಿದವರು ಇದನ್ನು ಮಾಡಲಾಗದು, ವಾಲ್ವ್ ತೆರೆದೇ ಇರಬೇಕು. ಮುಚ್ಚಿದ ವಾಲ್ವಿಗೆ ಪಂಪು ಗಂಟೆಗಟ್ಟಲೆ ಓಡಿದರೆ ಒಳಗಿನ ನೀರೇ ಕಾದು ಸೀಲ್ ಸುಟ್ಟುಹೋಗುತ್ತದೆ. ಸಬ್‌ಮರ್ಸಿಬಲ್ ಮೋಟಾರಿಗಂತೂ ಹರಿಯುವ ನೀರೇ ತಂಪು, ಅದನ್ನು ಯಾವತ್ತೂ ಮುಚ್ಚಿ ಓಡಿಸಬೇಡಿ. ರಿಪೇರಿಗೆಂದು ವಾಲ್ವ್ ಮುಚ್ಚಿದ ಕೂಡಲೇ ಸ್ಟಾರ್ಟರ್ ಪೆಟ್ಟಿಗೆಗೆ ಒಂದು ಕೆಂಪು ಬಟ್ಟೆ ಕಟ್ಟಿ. ತೆರೆದ ಮೇಲೆಯೇ ಬಿಚ್ಚಿ.